ತಾತನಿಗೆ ಒಂದು ಬನ್ನು

ಬನ್ನು ಒಣಗಿಸುವುದು ಸಂಡಿಗೆ ಒಣಗಿಸಿದಷ್ಟು ಸುಲಭ ಅಲ್ಲ. ಸಂಡಿಗೆ ತೆಳ್ಳಗಿರುತ್ತದೆ, ಎರಡು ದಿನ ಒಳ್ಳೆ ಬಿಸಿಲು ಬಿದ್ದರೆ ಸಾಕು. ಬನ್ನು ಮೇಲೆ ಗಟ್ಟಿಯಾದ ಮೇಲೂ ಒಳಗೆ ಮೆತ್ತಗೇ ಇರುತ್ತದೆ. ಬೂಷ್ಟು ಶುರುವಾಗುವುದೇ ಅಲ್ಲಿಂದ. 2023ರ ಮೇ ತಿಂಗಳಲ್ಲಿ ಇದನ್ನು ಕಲಿತೆ. ಒಂದು ಬನ್ನು ಹಾಳು ಮಾಡಿಕೊಂಡು ಕಲಿತೆ.

ಬನ್ನನ್ನು ಯಾಕಮ್ಮಾ ಒಣಗಿಸುತ್ತೀಯಾ ಅಂತ ನಂಜನಗೂಡಿನಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿ ಕೇಳಿದರು. ಅವತ್ತು ಅರ್ಧ ಗಂಟೆ ಹಿಡಿಯಿತು ವಿವರಿಸೋಕೆ. ಇಲ್ಲೂ ಅಷ್ಟೇ ಹಿಡಿಯಬಹುದು.

ನಾವಿರುವುದು ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ. ಆಕ್ಸ್‌ಫರ್ಡ್‌ನಿಂದ ದಕ್ಷಿಣಕ್ಕೆ ಸುಮಾರು ಹತ್ತು ಕಿಲೋಮೀಟರ್. ಥೇಮ್ಸ್ ನದಿ ಊರಿನ ಪಕ್ಕದಲ್ಲೇ ಹರಿಯುತ್ತದೆ. ಯಜಮಾನರ ಕೆಲಸ ಹತ್ತಿರದ ಹಾರ್ವೆಲ್‌ನಲ್ಲಿ. ನಾನು ಊರಿನ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಊಟ, ನಾಲ್ಕು ಗಂಟೆಗೆ ಟೀ. ಟೀ ಹೊತ್ತು ನನಗೆ ಬಹಳ ಇಷ್ಟ. ಕಪ್ಪು ಕೊಟ್ಟು ಐದು ನಿಮಿಷ ಪಕ್ಕದಲ್ಲಿ ಕೂತರೆ ಆ ಹಿರಿಯರು ಮಾತಾಡುತ್ತಾರೆ. ಈ ಊರಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಟೀ ಹೊತ್ತಿನಲ್ಲಿ ಕೇಳಿದ್ದೇ.

ಬನ್ನಿನ ವಿಷಯವನ್ನೂ ಅಲ್ಲೇ ಮೊದಲು ಕೇಳಿದ್ದು.

ರಾಜಮನೆತನದಲ್ಲಿ ಪಟ್ಟಾಭಿಷೇಕವೋ, ಮದುವೆಯೋ, ಜ್ಯೂಬಿಲಿಯೋ ಬಂದರೆ ಅಬಿಂಗ್ಡನ್‌ನ ಮೇಯರ್ ಮತ್ತು ಕೌನ್ಸಿಲರ್‌ಗಳು ಹಳೆಯ ಕೌಂಟಿ ಹಾಲ್ ಕಟ್ಟಡದ ತಾರಸಿ ಹತ್ತುತ್ತಾರೆ. ಅಲ್ಲಿಂದ ಕೆಳಗೆ ಮಾರ್ಕೆಟ್ ಪ್ಲೇಸ್‌ನಲ್ಲಿ ಸೇರಿದ ಜನರ ಕಡೆಗೆ ಬನ್ನು ಎಸೆಯುತ್ತಾರೆ. ನಾಲ್ಕು ಸಾವಿರಕ್ಕೂ ಜಾಸ್ತಿ ಬನ್ನು. ಅಂಗೈಗಿಂತ ಸ್ವಲ್ಪ ಚಿಕ್ಕದು, ದುಂಡಗೆ, ಒಳಗೆ ಚಿಕ್ಕ ಚಿಕ್ಕ ಕರಿ ಒಣದ್ರಾಕ್ಷಿ. 1761ರಲ್ಲಿ ಮೂರನೇ ಜಾರ್ಜ್ ಪಟ್ಟಾಭಿಷೇಕ ಆದಾಗಿನಿಂದ ನಡೆದುಕೊಂಡು ಬಂದಿದೆ ಎಂದು ಊರಿನವರು ಹೇಳುತ್ತಾರೆ. ನಮ್ಮ ಮೈಸೂರಿನಲ್ಲಿ ಹೈದರಾಲಿ ಅಧಿಕಾರ ಹಿಡಿದದ್ದೂ ಅದೇ 1761ರಲ್ಲಿ. ಆಮೇಲೆ ಮೈಸೂರಿನ ಮೇಲೆ ನಡೆದ ನಾಲ್ಕೂ ಯುದ್ಧ ಈ ಮೂರನೇ ಜಾರ್ಜ್ ಕಾಲದವೇ. ಮೊದಲ ಸಲ ಈ ಇಸವಿ ಕೇಳಿದಾಗ ನನಗೆ ತಟ್ಟನೆ ನೆನಪಾದದ್ದು ಶ್ರೀರಂಗಪಟ್ಟಣ. ಇದನ್ನು ಟೀ ಹೊತ್ತಿನಲ್ಲಿ ಹೇಳಿದೆ ಕೂಡ. ಹೇಳಬೇಕು ಅನ್ನಿಸಿತು. ಅವರು ಸುಮ್ಮನೆ ಕೇಳಿಸಿಕೊಂಡರು, ಆಮೇಲೆ ಒಬ್ಬ ಅಜ್ಜಿ ಟಿಪ್ಪುವಿನ ಬಗ್ಗೆ ಇನ್ನೂ ಹೇಳು ಅಂದರು.

ಬನ್ನು ಎಸೆಯುತ್ತಾರೆ ಎಂದು ಕೇಳಿದಾಗ ನನಗೆ ಹಿತ ಅನ್ನಿಸಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ನಮ್ಮಜ್ಜಿ ಒಂದು ಅಗುಳು ಕೆಳಗೆ ಬಿದ್ದರೂ ಎತ್ತಿಸಿ ಕಣ್ಣಿಗೆ ಒತ್ತಿಕೊಳ್ಳೋಕೆ ಹೇಳುತ್ತಿದ್ದವರು. ತಟ್ಟೆಗೆ ಕಾಲು ತಾಗಿದರೆ ನಮಸ್ಕಾರ ಮಾಡಬೇಕು. ಊಟ ಬಿಟ್ಟು ಎದ್ದರೆ ಬೈಗುಳ. ಅಂಥ ಮನೆಯಲ್ಲಿ ಬೆಳೆದವಳಿಗೆ ತಿನ್ನುವ ವಸ್ತುವನ್ನು ಕಟ್ಟಡದ ಮೇಲಿನಿಂದ ಎಸೆಯುವುದು ಅಂದರೆ ಕಷ್ಟವೇ. ಅದೂ ಮೇಲೆ ನಿಂತವರು ಎಸೆಯೋದು, ಕೆಳಗಿದ್ದವರು ಕೈಚಾಚೋದು.

ನಮ್ಮಲ್ಲೂ ಎಸೆಯುತ್ತೇವೆ, ಅದು ಗೊತ್ತು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುವಾಗ ಜನ ಬಾಳೆಹಣ್ಣಿಗೆ ದವನ ಸಿಕ್ಕಿಸಿ ತೇರಿಗೆ ಎಸೆಯುತ್ತಾರೆ. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಎಸೆದಿದ್ದೇವೆ. ಆದರೆ ಅದು ಕೆಳಗಿನಿಂದ ಮೇಲಕ್ಕೆ, ಶ್ರೀಕಂಠೇಶ್ವರನಿಗೆ. ಇಲ್ಲಿ ಮೇಲಿನಿಂದ ಕೆಳಕ್ಕೆ.

ಈ ಮಾತನ್ನು ನಾನು ಹೇಳಿದ್ದು ತಾತನ ಹತ್ತಿರ. ತಾತ ಅಂದರೆ ನಮ್ಮ ವೃದ್ಧಾಶ್ರಮದಲ್ಲಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುವವರು. ಆಗ ಅವರಿಗೆ 92 ವರ್ಷ. ಎದುರಿಗೆ ಮಿಸ್ಟರ್ ಸೇರಿಸಿ ಮನೆತನದ ಹೆಸರು ಹಿಡಿದು ಕರೆಯುತ್ತೇನೆ, ಮನೆಯಲ್ಲಿ ಮಗಳ ಹತ್ತಿರ ಹೇಳುವಾಗ ಮಾತ್ರ ತಾತ. ಅವರು ಕಪ್ಪು ಕೆಳಗಿಟ್ಟು ಹೇಳಿದರು: "ಮೇಲೆ ನಿಂತವರು ಯಾರು? ನಾವೇ ಓಟು ಹಾಕಿ ಕಳಿಸಿದವರು. ಚೆನ್ನಾಗಿ ಎಸೆಯದಿದ್ದರೆ ಮಾರನೆಯ ದಿನ ಅಂಗಡಿಯಲ್ಲಿ ಸಿಕ್ಕಾಗ ಹೇಳುತ್ತೇವೆ."

ಅದು ನಿಜ. ಮೇಯರ್ ಅಂದರೆ ಇಲ್ಲಿ ದೊಡ್ಡ ದೊರೆ ಅಲ್ಲ. ಕೌನ್ಸಿಲರ್‌ಗಳು ವರ್ಷಕ್ಕೊಮ್ಮೆ ತಮ್ಮಲ್ಲೇ ಒಬ್ಬರನ್ನು ಆರಿಸುತ್ತಾರೆ. ಇವತ್ತು ನಿಲುವಂಗಿ ಹಾಕಿ ಬನ್ನು ಎಸೆದವರು ನಾಳೆ ನಮ್ಮ ಮುಂದೆ ಹಾಲು ತಗೊಳ್ಳೋಕೆ ಕ್ಯೂನಲ್ಲಿ ನಿಂತಿರುತ್ತಾರೆ.

ಆ ತಾತ ಎಂಜಿ ಕಾರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ಈಗ ನಮ್ಮೂರಿನ ರಸ್ತೆಯಲ್ಲಿ ಎಂಜಿ ಹೆಕ್ಟರ್ ಓಡಾಡುತ್ತದಲ್ಲ, ಆ ಹೆಸರು ಶುರುವಾದದ್ದು ಇಲ್ಲಿ ಆಕ್ಸ್‌ಫರ್ಡ್‌ನ ಮಾರಿಸ್ ಗ್ಯಾರೇಜಸ್‌ನಿಂದ. 1929ರಲ್ಲಿ ಫ್ಯಾಕ್ಟರಿ ಅಬಿಂಗ್ಡನ್‌ಗೆ ಬಂತು. 1980ರಲ್ಲಿ ಮುಚ್ಚಿತು. ನನ್ನ ತಮ್ಮ ಮೈಸೂರಿನಲ್ಲಿ ಹೆಕ್ಟರ್ ತಗೊಂಡಾಗ ಅದರ ಫೋಟೋ ತಾತನಿಗೆ ತೋರಿಸಿದ್ದೆ. ಮುಂದಿನ ಆ ಎಂಟು ಮೂಲೆಯ ಗುರುತಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಕಂಪನಿ ಈಗ ಚೀನಾದವರ ಕೈಯಲ್ಲಿದೆ ಅಂತ ಅವರಿಗೆ ಗೊತ್ತು. "ಗುರುತು ಇದೆಯಲ್ಲ" ಅಂದರು ಅಷ್ಟೇ.

ತಾತ ಮೊದಲು ಬನ್ನು ಎಸೆಯೋದು ನೋಡಿದ್ದು 1937ರ ಮೇ ತಿಂಗಳಲ್ಲಿ, ಆರನೇ ಜಾರ್ಜ್ ಪಟ್ಟಾಭಿಷೇಕಕ್ಕೆ. ಆ ದಿನ ನಿಜವಾಗಿ ಪಟ್ಟ ಕಟ್ಟಬೇಕಾಗಿದ್ದದ್ದು ಎಂಟನೇ ಎಡ್ವರ್ಡ್‌ಗೆ. ಅವನು ಸಿಂಹಾಸನ ಬಿಟ್ಟು ಹೋದ. ರಾಜ ಬದಲಾದರೂ ತಾರೀಕು ಬದಲಾಗಲಿಲ್ಲ, ಅದೇ ಮೇ 12. ತಾತನಿಗೆ ಆಗ ಆರು ವರ್ಷ. ಅಪ್ಪನ ಹೆಗಲ ಮೇಲೆ ಕೂತಿದ್ದರಂತೆ. ಅಣ್ಣನಿಗೆ ಹನ್ನೊಂದು. ಅಣ್ಣ ಟೋಪಿಯಲ್ಲಿ ಒಂದು ಬನ್ನು ಹಿಡಿದ. ಮನೆಗೆ ಹೋಗುವ ದಾರಿಯಲ್ಲಿ ಅರ್ಧ ಮಾಡಿ ತಮ್ಮನಿಗೆ ಕೊಟ್ಟ.

"ಆದರೆ ದ್ರಾಕ್ಷಿ ಎಲ್ಲ ಅವನ ಅರ್ಧದಲ್ಲೇ ಇತ್ತು" ಅಂದರು ತಾತ. 86 ವರ್ಷ ಕಳೆದಿದೆ. ಆ ಅಣ್ಣ ಈಗಿಲ್ಲ. ಹೇಳುವಾಗ ತಾತನ ಮುಖ ಆರು ವರ್ಷದ ಹುಡುಗನದೇ ಆಗಿತ್ತು.

1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ. ಯುದ್ಧ ಮುಗಿದು ಎಂಟು ವರ್ಷವಾದರೂ ಆ ಜೂನ್‌ನಲ್ಲಿ ಇಂಗ್ಲೆಂಡಿನಲ್ಲಿ ಸಕ್ಕರೆ ಇನ್ನೂ ರೇಷನ್ನಿನಲ್ಲೇ ಇತ್ತು. ಸಕ್ಕರೆ ರೇಷನ್ ತೆಗೆದದ್ದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ. ಪಟ್ಟಾಭಿಷೇಕದ ಹಬ್ಬಕ್ಕೆ ಅಂತ ತಲೆಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಸಕ್ಕರೆ ಜಾಸ್ತಿ ಕೊಟ್ಟಿದ್ದರು. ಇದನ್ನು ಕೇಳಿದ ಮೇಲೆ ಆ ಬನ್ನು ನನ್ನ ಕಣ್ಣಿಗೆ ಬೇರೆಯದೇ ಆಗಿ ಕಂಡಿತು. ಸಕ್ಕರೆ ಲೆಕ್ಕ ಹಾಕಿ ಕೊಡುವ ಕಾಲದಲ್ಲಿ, ಮೇಲೆ ಸಕ್ಕರೆ ಪಾಕ ಸವರಿ ಹೊಳೆಯುವ ಬನ್ನೊಂದು ಆಕಾಶದಿಂದ ನಿಮ್ಮ ಕೈಗೆ ಬಂದು ಬೀಳುತ್ತದೆ ಅಂದರೆ! ತಾತನಿಗೆ ಆಗ 22. ಹಿಡಿದ ಜಾಗದಲ್ಲೇ ನಿಂತು ತಿಂದರಂತೆ.

ಆಮೇಲೂ ಹಿಡಿದಿದ್ದಾರೆ. 1977ರಲ್ಲಿ ರಾಣಿಯ ಜ್ಯೂಬಿಲಿಗೆ, 1981ರಲ್ಲಿ ರಾಜಕುಮಾರ ಚಾರ್ಲ್ಸ್ ಮದುವೆಗೆ. ಎಲ್ಲ ತಿಂದದ್ದೇ. 1981ರದ್ದೊಂದನ್ನು ಹೆಂಡತಿ ಬಿಸ್ಕತ್ತಿನ ಡಬ್ಬಿಯಲ್ಲಿ ಎತ್ತಿಟ್ಟಿದ್ದರಂತೆ. ಮನೆ ಬದಲಾಯಿಸುವಾಗ ಡಬ್ಬಿ ಎಲ್ಲೋ ಹೋಯಿತು. "ಒಂದನ್ನೂ ಉಳಿಸಿಕೊಳ್ಳಲಿಲ್ಲ ನೋಡು" ಅಂದರು. ಅವರು ಅದನ್ನು ದೊಡ್ಡ ದುಃಖದಿಂದೇನೂ ಹೇಳಲಿಲ್ಲ. ಆದರೆ ಅದೇ ವಾರ ಎರಡು ಸಲ ಹೇಳಿದರು.

ಉಳಿಸಿಕೊಳ್ಳೋದು ಅಂದರೇನು ಅಂತ ನನಗೆ ಅರ್ಥವಾಗಿದ್ದು ಕೌಂಟಿ ಹಾಲ್ ಒಳಗೆ ಹೋದಾಗ.

ಕೌಂಟಿ ಹಾಲ್ ಈಗ ಮ್ಯೂಸಿಯಂ. ಟಿಕೆಟ್ ಇಲ್ಲ. 1678ರಿಂದ 1682ರ ನಡುವೆ ಕಟ್ಟಿದ್ದು. ಕಟ್ಟಿದ ಕ್ರಿಸ್ಟೋಫರ್ ಕೆಂಪ್‌ಸ್ಟರ್ ಎನ್ನುವವನು ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಕ್ರಿಸ್ಟೋಫರ್ ರೆನ್ ಕೈಕೆಳಗೆ ದುಡಿದ ಕಲ್ಲುಕುಟಿಗ. ಕೆಳಗೆ ಎತ್ತರದ ಕಮಾನುಗಳು, ಗೋಡೆಯೇ ಇಲ್ಲ. ಅಲ್ಲಿ ಸಂತೆ ನಡೆಯುತ್ತಿತ್ತು. ಮೇಲಿನ ದೊಡ್ಡ ಕೋಣೆಯಲ್ಲಿ ನ್ಯಾಯಾಲಯ. ಆಗ ಅಬಿಂಗ್ಡನ್ ಬರ್ಕ್‌ಷೈರ್‌ನ ಜಿಲ್ಲಾಕೇಂದ್ರ. ಹತ್ತೊಂಬತ್ತನೇ ಶತಮಾನದಲ್ಲಿ ಆ ಪಟ್ಟ ರೆಡಿಂಗ್‌ಗೆ ಹೋಯಿತು. 1974ರಲ್ಲಿ ಜಿಲ್ಲೆಯ ಗಡಿಯೇ ಬದಲಾಗಿ ಊರು ಆಕ್ಸ್‌ಫರ್ಡ್‌ಷೈರ್‌ಗೆ ಸೇರಿತು. 1980ರಲ್ಲಿ ಕಾರಿನ ಫ್ಯಾಕ್ಟರಿಯೂ ಹೋಯಿತು. ಇಲ್ಲಿ ತಯಾರಾದ ಕೊನೆಯ ಎಂಜಿಬಿ ಕಾರುಗಳಲ್ಲೊಂದು ಈಗ ಅದೇ ಮ್ಯೂಸಿಯಂನ ಮಹಡಿಯ ಮೇಲೆ ನಿಂತಿದೆ. ಇಷ್ಟೆಲ್ಲ ಕೈಬಿಟ್ಟು ಹೋದ ಊರು ಬನ್ನನ್ನು ಮಾತ್ರ ಬಿಟ್ಟಿಲ್ಲ.

ಆ ಬನ್ನುಗಳು ಅಲ್ಲಿ ಗಾಜಿನ ಹಿಂದೆ ಇವೆ. ವಿಕ್ಟೋರಿಯಾ ರಾಣಿಯ ಕಾಲದ ಬನ್ನು ಕೂಡ! ಮೊದಲ ಸಲ ನೋಡಿದಾಗ ನಾನು ಗಾಜಿಗೆ ಮೂಗು ತಾಗಿಸಿ ನಿಂತುಬಿಟ್ಟೆ. ಹಳೆಯದು ಕುಗ್ಗಿ ಚಿಕ್ಕದಾಗಿದೆ. ಬಣ್ಣ ಹಳೆಯ ಕೊಬ್ಬರಿ ಚಿಪ್ಪಿನದು. ಕೆಲವಕ್ಕೆ ಮೇಲೆ ವಾರ್ನಿಷ್ ಬಳಿದ ಹೊಳಪು. ದ್ರಾಕ್ಷಿ ಇದ್ದ ಕಡೆ ಸಣ್ಣ ಕರಿ ಗುಂಡಿ. ಅಷ್ಟು ಹೊತ್ತಿಗೆ ನನ್ನ ಮನಸ್ಸಿನಲ್ಲಿದ್ದ ಮುಜುಗರ ಅರ್ಧ ಇಳಿದಿತ್ತು. ಅನ್ನದ ಮೇಲೆ ಗೌರವ ಇಲ್ಲದವರು ಒಂದು ಬನ್ನನ್ನು ನೂರು ವರ್ಷ ಕಾಪಾಡುತ್ತಾರಾ? ಅವತ್ತು ನನಗೆ ಹಾಗನ್ನಿಸಿತು, ಇವತ್ತಿಗೂ ಹಾಗೇ ಅನ್ನಿಸುತ್ತದೆ.

ಹಾಗಾಗಿ ಚಾರ್ಲ್ಸ್ ಪಟ್ಟಾಭಿಷೇಕದ ಬನ್ನು ಎಸೆಯುವ ದಿನ ಗೊತ್ತಾದ ಕೂಡಲೇ ತಾತನಿಗೆ ಮಾತು ಕೊಟ್ಟೆ. "ನಿಮಗೊಂದು ಹಿಡಿದು ತರುತ್ತೇನೆ" ಅಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನಾನು ಐದಡಿ ಇಲ್ಲ. "ಕೊಡೆ ತಗೊಂಡು ಹೋಗು. ಬಿಚ್ಚಿ ತಲೆಕೆಳಗು ಹಿಡಿ. ಕಟ್ಟಡದ ಹತ್ತಿರ ನಿಲ್ಲಬೇಡ, ಎಲ್ಲರೂ ದೂರಕ್ಕೇ ಎಸೆಯೋಕೆ ನೋಡುತ್ತಾರೆ. ತೀರಾ ಹಿಂದೆಯೂ ಹೋಗಬೇಡ" ಅಂದರು. ಕೈಯಲ್ಲಿ ಮೇಜಿನ ಮೇಲೆ ಜಾಗ ಗುರುತು ಮಾಡಿ ತೋರಿಸಿದರು. ಸಕ್ಕರೆ ಬಟ್ಟಲು ಕೌಂಟಿ ಹಾಲ್, ಚಮಚ ನಾನು.

ನಾನು, ಮಗಳು, ಯಜಮಾನರು ಮೂವರೂ ಹೋದೆವು. ಮಗಳಿಗೆ ಒಂಬತ್ತು ವರ್ಷ. ಕೊಡೆ ಅವಳದೇ, ನೀಲಿ ಬಣ್ಣದ್ದು. ಮಾರ್ಕೆಟ್ ಪ್ಲೇಸ್ ಆಗಲೇ ತುಂಬಿತ್ತು. ಸಾವಿರಾರು ಜನ. ನಮ್ಮ ಜಾತ್ರೆಯ ನೂಕುನುಗ್ಗಲು ನೋಡಿದವರಿಗೆ ಇದು ದೊಡ್ಡದಲ್ಲ, ಆದರೆ ಈ ಊರಿಗೆ ದೊಡ್ಡದೇ. ಕೊಡೆ ತಂದವರು ಬಹಳ ಜನ. ಮೀನು ಹಿಡಿಯುವ ಬಲೆಯ ಉದ್ದ ಕೋಲು ಹಿಡಿದು ಒಬ್ಬರು ನಿಂತಿದ್ದರು. ಪಕ್ಕದಲ್ಲಿ ಒಂದು ಕುಟುಂಬ ದಿಂಬಿನ ಕವರನ್ನು ನಾಲ್ಕು ಮೂಲೆ ಹಿಡಿದುಕೊಂಡಿತ್ತು. ಪುಟ್ಟ ಮಕ್ಕಳು ಹೆಗಲ ಮೇಲೆ. ಆ ಹೆಗಲ ಮೇಲಿನ ಮಕ್ಕಳಲ್ಲಿ ನಾನು ತಾತನನ್ನೇ ಹುಡುಕುತ್ತಿದ್ದೆ.

ಮೇಲೆ, ಕಲ್ಲಿನ ಕಟಕಟೆಯ ಹಿಂದೆ ಒಂದೊಂದೇ ತಲೆ ಕಾಣಿಸಿತು. ನಿಲುವಂಗಿ, ಟೋಪಿ. ಕೆಳಗಿನಿಂದ ಕೂಗು ಎದ್ದಿತು. ಬನ್ನು ಬೇಕು, ಬನ್ನು ಬೇಕು ಅಂತ ಮಕ್ಕಳ ಜೊತೆ ದೊಡ್ಡವರೂ ಕೂಗುತ್ತಿದ್ದರು. ನನ್ನ ಮಗಳು ಕನ್ನಡದಲ್ಲೇ ಕೂಗಿದಳು.

ಮೊದಲ ಬನ್ನು ಬಂದಾಗ ಇಡೀ ಜನ ಒಮ್ಮೆಲೇ ಒಂದು ಕಡೆ ವಾಲಿತು. ಆಮೇಲೆ ಎಲ್ಲ ಕಡೆಯಿಂದ ಬರತೊಡಗಿದವು. ಬೂದು ಆಕಾಶದ ಮುಂದೆ ಕಂದು ಚುಕ್ಕೆಗಳು. ಬನ್ನು ಹಗುರ, ಗಾಳಿಯಲ್ಲಿ ಎತ್ತ ತಿರುಗುತ್ತದೆ ಅಂತ ಹೇಳೋಕಾಗಲ್ಲ. ಒಬ್ಬ ಕೌನ್ಸಿಲರ್ ಕೈಯನ್ನು ಪೂರ್ತಿ ತಿರುಗಿಸಿ, ಬೌಂಡರಿಯಿಂದ ಫೀಲ್ಡರ್ ಎಸೆದ ಹಾಗೆ ಎಸೆಯುತ್ತಿದ್ದರು. ಅವರದ್ದು ಹಿಂದಿನ ಅಂಗಡಿ ಸಾಲಿನವರೆಗೂ ಹೋಯಿತು. ಪಕ್ಕದವರು ಮೆಲ್ಲಗೆ, ಯಾರಾದರೂ ಮಕ್ಕಳನ್ನು ನೋಡಿಕೊಂಡು ಬೀಳಿಸುತ್ತಿದ್ದರು.

ನಮ್ಮ ಕೊಡೆಯ ಕಡ್ಡಿಗೆ ಒಂದು ಬಡಿದು ಚಿಮ್ಮಿ ಹೋಯಿತು. ಇನ್ನೊಂದು ಯಜಮಾನರ ಬೆರಳ ತುದಿಗೆ ತಾಗಿ ಹಿಂದಿನ ಹುಡುಗನ ಕೈಗೆ ಹೋಯಿತು. ಮೂರನೆಯದು ನನ್ನ ಹೆಗಲಿಗೆ ಬಿತ್ತು, ಅಲ್ಲಿಂದ ಕೆಳಗೆ. ನಾನು ಯೋಚನೆ ಮಾಡದೆ ಬಗ್ಗಿ ಎತ್ತಿದೆ, ಎರಡೂ ಕಣ್ಣಿಗೆ ಒತ್ತಿಕೊಂಡೆ. ಅಭ್ಯಾಸ. ಎದ್ದು ನಿಂತರೆ ಪಕ್ಕದಲ್ಲಿ ದಿಂಬಿನ ಕವರು ಹಿಡಿದಿದ್ದ ಹೆಂಗಸು ನನ್ನನ್ನೇ ನೋಡುತ್ತಿದ್ದರು. ಯಾಕೆ ಹಾಗೆ ಮಾಡಿದಿರಿ ಅಂತ ಕೇಳಿದರು. ತಿನ್ನೋದು ಕೆಳಗೆ ಬಿದ್ದರೆ ನಾವು ಕ್ಷಮೆ ಕೇಳುತ್ತೇವೆ ಅಂದೆ. ಅವರು ತಲೆಯಾಡಿಸಿದರು, ಮತ್ತೆ ಮೇಲೆ ನೋಡಿದರು. ಸ್ವಲ್ಪ ಹೊತ್ತಿಗೆ ಅವರ ಚಿಕ್ಕ ಮಗನ ಕೈಯಿಂದ ಬನ್ನು ಜಾರಿ ಕಲ್ಲಿನ ಮೇಲೆ ಬಿತ್ತು. ಅವನು ಎತ್ತಿ, ನನ್ನ ಕಡೆ ಒಮ್ಮೆ ನೋಡಿ, ಹಣೆಗೆ ಒತ್ತಿಕೊಂಡ. ಕಣ್ಣು ಎಲ್ಲಿ ಹಣೆ ಎಲ್ಲಿ, ಆದರೂ ನನಗೆ ಗಂಟಲು ಕಟ್ಟಿತು.

ಸುತ್ತ ನೋಡಿದೆ. ಕೆಳಗೆ ಬಿದ್ದ ಬನ್ನು ಒಂದು ಕ್ಷಣವೂ ಕೆಳಗೆ ಇರುತ್ತಿರಲಿಲ್ಲ. ಅಷ್ಟು ಜನರ ಅಷ್ಟು ಕೈಗಳೂ ಬಲೆಗಳೂ ಅದು ನೆಲಕ್ಕೆ ತಾಗದಿರಲಿ ಅಂತಲೇ ಚಾಚಿಕೊಂಡಿದ್ದವು.

ನಾಲ್ಕನೆಯದು ಕೊಡೆಯ ಒಳಗೇ ಬಿತ್ತು. ದಪ್ ಅಂತ ಸದ್ದು, ಮಗಳ ಕೈ ಒಮ್ಮೆ ಕುಸಿಯಿತು. ಇಬ್ಬರೂ ಕೊಡೆಯೊಳಗೆ ಬಗ್ಗಿ ನೋಡಿದೆವು. ನೀಲಿ ಬಟ್ಟೆಯ ನಡುವೆ ದುಂಡಗೆ ಕೂತಿತ್ತು. ಮೇಲ್ಗಡೆಯೇ ಮೂರು ದ್ರಾಕ್ಷಿ ಕಾಣುತ್ತಿತ್ತು, ತ್ರಿಕೋನದ ಹಾಗೆ. ಮಗಳು "ಇದು ತಾತಂದು" ಅಂದಳು.

ಮಾರನೆಯ ದಿನ ಅಡುಗೆಮನೆಯಲ್ಲಿ ಹೆಡ್ ಕುಕ್ ಹತ್ತಿರ ಹೇಳಿದೆ. ಅವರು ಒಳ್ಳೆಯವರು, ಆದರೆ ನಿಯಮ ನಿಯಮವೇ. ಹೊರಗೆ ಗಾಳಿಯಲ್ಲಿ ಹಾರಿ ಬಂದ ಬನ್ನನ್ನು 92 ವರ್ಷದವರಿಗೆ ಬಡಿಸುವ ಹಾಗಿಲ್ಲ. ನನಗೂ ಅದು ಸರಿ ಅನ್ನಿಸಿತು. ತಾತನಿಗೆ ಹೇಳಿದಾಗ ಅವರು ತಿನ್ನೋಕಲ್ಲವಲ್ಲ, ಇಟ್ಟುಕೊಳ್ಳೋಕೆ ಅಂದರು. ಹಾಗಾದರೆ ಒಣಗಿಸಬೇಕು. ಒಣಗಿಸುವುದು ನನಗೆ ಗೊತ್ತು ಅಂದುಕೊಂಡೆ. ನಮ್ಮ ಮನೆಯ ತಾರಸಿ ಮೇಲೆ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಒಣಗಿಸಿ ಬೆಳೆದವಳಲ್ವಾ ನಾನು.

ಕೆಳಗೆ ಬಿದ್ದು ಎತ್ತಿದ ಬನ್ನನ್ನು ಮೊದಲು ಪ್ರಯೋಗಕ್ಕೆ ತಗೊಂಡೆ. ಇರುವೆ ಬರುತ್ತದೆ ಅಂತ ರಾತ್ರಿ ಡಬ್ಬಿಯಲ್ಲಿ ಮುಚ್ಚಿಟ್ಟೆ, ಹಗಲು ಕಿಟಕಿಯಲ್ಲಿ ಇಟ್ಟೆ. ಡಬ್ಬಿಯ ಮುಚ್ಚಳದಲ್ಲಿ ಬೆವರು ಕೂತಿತು. ಐದನೇ ದಿನ ತಳದಲ್ಲಿ ಹಸಿರು ಚುಕ್ಕೆ. ಮುಚ್ಚಿದ್ದೇ ತಪ್ಪು. ಇಂಗ್ಲೆಂಡಿನ ಮೇ ತಿಂಗಳ ಬಿಸಿಲನ್ನು ನಂಬಿದ್ದು ಇನ್ನೊಂದು ತಪ್ಪು. ಆ ಬನ್ನನ್ನು ಹಿತ್ತಲಲ್ಲಿ ಮಣ್ಣು ಮಾಡಿದೆ. ಕಸದ ಬುಟ್ಟಿಗೆ ಹಾಕೋಕೆ ಮನಸ್ಸು ಬರಲಿಲ್ಲ.

ಅದೃಷ್ಟಕ್ಕೆ ಕೊಡೆಯ ಬನ್ನನ್ನು ಮಗಳು ತನ್ನ ಕೋಣೆಯಲ್ಲಿ ತಂತಿ ಜಾಲರಿಯ ಮೇಲೆ ಹಾಗೇ ತೆರೆದಿಟ್ಟಿದ್ದಳು. ಐದು ದಿನದಲ್ಲಿ ಅದರ ಮೈ ಚೆನ್ನಾಗಿ ಬಿಗಿದಿತ್ತು. ಅಮ್ಮನ ಹತ್ತಿರ ಕೇಳಿದೆ. ಒಳಗಿನ ಪಸೆ ಆರಬೇಕಾದರೆ ನಿಧಾನವಾದ ಶಾಖ ಬೇಕು, ತಿರುಗಿಸುತ್ತಾ ಇರು ಅಂದರು. ಬಿಸಿನೀರಿನ ಸಿಲಿಂಡರ್ ಇರುವ ಬೀರುವಿನಲ್ಲಿ, ಟವೆಲ್ ಇಡುವ ತಂತಿ ಹಲಗೆಯ ಮೇಲೆ ಇಟ್ಟೆ. ಬೆಳಿಗ್ಗೆ ಸಂಜೆ ಮಗ್ಗುಲು ಬದಲಾಯಿಸಿದೆ. ಸಂಜೆ ಒಂದು ಗಂಟೆ ಅತಿ ಸಣ್ಣ ಉರಿಯ ಓವನ್ನಿನಲ್ಲಿ, ಬಾಗಿಲು ಸ್ವಲ್ಪ ತೆರೆದು. ಮಗಳು ದಿನಾ ತೂಕ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದಳು. ಶುರುವಿಗೆ 74 ಗ್ರಾಂ. ಆಮೇಲೆ 66, 60, 56. ಹದಿನೆಂಟನೇ ದಿನ 51ಕ್ಕೆ ಬಂದು ನಿಂತಿತು. ಮಾರನೆಯ ದಿನವೂ 51. ಉಗುರಿನಿಂದ ಬಡಿದರೆ ಕೊಬ್ಬರಿ ಗಿಟಕಿನ ಸದ್ದು.

ವಾರ್ನಿಷ್ ಬಳಿಯೋಣವಾ ಅಂತ ತಾತನನ್ನೇ ಕೇಳೋಣ ಅಂತ ಹಾಗೇ ತಗೊಂಡು ಹೋದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಚಿಕ್ಕ ರಟ್ಟಿನ ಪೆಟ್ಟಿಗೆಯಲ್ಲಿ. ಮಗಳು ಮುಚ್ಚಳದ ಮೇಲೆ 2023 ಅಂತ ಬರೆದಿದ್ದಳು. ನಾಲ್ಕು ಗಂಟೆ ಟೀ ಹೊತ್ತು.

ತಾತ ಪೆಟ್ಟಿಗೆ ತೆರೆದರು. ಏನೂ ಹೇಳಲಿಲ್ಲ. ಬನ್ನನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮೇಜಿನ ಅಂಚಿಗೆ ಟಕ್ ಟಕ್ ಅಂತ ಬಡಿದರು. ನಿಧಾನವಾಗಿ ಸುತ್ತ ತಿರುಗಿಸಿದರು. ಅವರ ಹೆಬ್ಬೆರಳು ಆ ಮೂರು ದ್ರಾಕ್ಷಿಯ ಮೇಲೆ ಬಂದು ನಿಂತಿತು. ಆಮೇಲೆ ಪಕ್ಕದ ಕುರ್ಚಿಯ ಅಜ್ಜಿಗೆ ಕೊಟ್ಟರು. ಆ ಅಜ್ಜಿ ಮೂಸಿ ನೋಡಿದರು, ಏಲಕ್ಕಿ ಇದೆಯಾ ಅಂತ ಕೇಳಿದರು. ಅವರಿಂದ ಇನ್ನೊಬ್ಬರಿಗೆ. ಪ್ರತಿಯೊಬ್ಬರೂ ಒಮ್ಮೆ ಬಡಿದು ಸದ್ದು ಕೇಳಿದರು. ಒಬ್ಬರು 1953 ಅಂದರು, ಇನ್ನೊಬ್ಬರು ಇಲ್ಲ ಅದು ರಾಜಕುಮಾರನ ಮದುವೆ ಅಂದರು. ಹತ್ತು ಹನ್ನೆರಡು ಕೈ ದಾಟಿ ಮೇಜು ಸುತ್ತಿ ಬಂತು. ಅಷ್ಟರಲ್ಲಿ ನಾನು ಕಪ್ಪು ತೆಗೆಯೋಕೆ ಒಳಗೆ ಹೋಗಿದ್ದೆ.

ತಿರುಗಿ ಬಂದಾಗ ಬನ್ನು ತಾತನ ಮುಂದೆ, ರಟ್ಟಿನ ಪೆಟ್ಟಿಗೆಯಲ್ಲಿ, ಬಟ್ಟೆಯ ಮೇಲೆ ನೀಟಾಗಿ ಕೂತಿತ್ತು. ಮೇಲ್ಗಡೆ ಎರಡೇ ದ್ರಾಕ್ಷಿ. ಮೂರನೆಯದು ಇದ್ದ ಕಡೆ ಸಣ್ಣ ಗುಂಡಿ. ತಾತ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅವರ ದವಡೆ ಮೆಲ್ಲಗೆ ಆಡುತ್ತಿತ್ತು.